ನೀರುಗಂಟಿಯ ಮೊಮ್ಮಕ್ಕಳು ಇಂಕಾ ನಾಡಿನಲ್ಲಿ

ತುಮಕೂರು ಸೀಮೆಯ ನಮ್ಮೂರಿನಲ್ಲಿ ತಾತ ನೀರುಗಂಟಿಯಾಗಿದ್ದರು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ನೋಡಿ ಬಿಡುವುದು, ಕಾಲುವೆಯಲ್ಲಿ ಹೂಳು ತುಂಬಿದರೆ ಊರವರನ್ನು ಕೂಡಿಸಿ ತೆಗೆಸುವುದು ಅವರ ಕೆಲಸ. ಸುಗ್ಗಿಯಲ್ಲಿ ಮನೆಮನೆಯಿಂದ ಬರುತ್ತಿದ್ದ ಆಯದ ಭತ್ತವೇ ನಮ್ಮ ಮನೆಯ ಅನ್ನ. ಅಕ್ಕ ಚಿಕ್ಕವಳಿದ್ದಾಗ ಬುತ್ತಿ ಹೊತ್ತು ತೂಬಿನ ಬಳಿಗೆ ಹೋಗುತ್ತಿದ್ದಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ತಾತನ ಕಣ್ಣು ಮಂಜಾಗಿತ್ತು, ಕೆರೆಯೂ ಬತ್ತಿತ್ತು.

ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟದ ಮೇಲೆ ಹಿಂದೆ ಇಂಕಾ ಅರಸರು ಕಟ್ಟಿಸಿದ ಊರು ಮಾಚು ಪಿಚು. ಅದರ ಕಲ್ಲಿನ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ ಎಂದು ಓದಿದ ದಿನದಿಂದ ಆ ನೀರನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಶಾಲೆಯಿಂದ ನಿವೃತ್ತಳಾದ ಅಕ್ಕ ತಾನೂ ಬರುತ್ತೇನೆಂದಳು. ಸೆಪ್ಟೆಂಬರ್ ಮೊದಲ ವಾರ ಇಬ್ಬರೂ ಹೊರಟೆವು. ಬೆಂಗಳೂರಿನಿಂದ ಪೆರುವಿನ ರಾಜಧಾನಿ ಲಿಮಾ ಸೇರುವುದರಲ್ಲಿ ಎರಡು ದಿನ ಕಳೆಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮೊದಲ ದಿನ: ಕುಸ್ಕೊ

ಲಿಮಾ ಇರುವುದು ಕಡಲ ಅಂಚಿನಲ್ಲಿ. ಅಲ್ಲಿಂದ ಹೊರಟ ವಿಮಾನ ಒಂದು ಗಂಟೆ ಚಿಲ್ಲರೆಯಲ್ಲಿ ನಮ್ಮನ್ನು 3,400 ಮೀಟರ್ ಎತ್ತರದ ಕುಸ್ಕೊದಲ್ಲಿ ಇಳಿಸಿತು. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಚೀಲ ಎತ್ತಿಕೊಂಡು ಹತ್ತು ಹೆಜ್ಜೆ ಇಟ್ಟ ಅಕ್ಕ ಅಲ್ಲೇ ನಿಂತು ಉಸಿರು ಎಳೆದುಕೊಂಡಳು. ವಸತಿಗೃಹ ತಲುಪುವಷ್ಟರಲ್ಲಿ ಅವಳಿಗೆ ಹೊಟ್ಟೆ ತೊಳಸಿ, ತಲೆ ಸಿಡಿಯತೊಡಗಿತ್ತು.

ವಸತಿಗೃಹದ ಹಿರಿಯ ಹೆಂಗಸು ಅಕ್ಕನ ಮುಖ ನೋಡಿದವರೇ "ಮಮಿತಾ, ಮಮಿತಾ" ಎನ್ನುತ್ತ ಕುರ್ಚಿಯಲ್ಲಿ ಕೂರಿಸಿದರು. ಬಿಸಿನೀರಿಗೆ ಒಂದು ಹಿಡಿ ಒಣಗಿದ ಕೋಕಾ ಎಲೆ ಹಾಕಿ ಕೊಟ್ಟರು. ಹುಲ್ಲಿನ ವಾಸನೆ, ತುಸು ಕಹಿ. ಬೆಟ್ಟದ ಜನ ಇದನ್ನು ಇಡೀ ದಿನ ಕುಡಿಯುತ್ತಾರೆ. ಆದರೆ ಅದರ ಎಲೆಯನ್ನಾಗಲಿ ಚಹಾ ಪೊಟ್ಟಣವನ್ನಾಗಲಿ ನೆನಪಿಗೆಂದು ಊರಿಗೆ ತರಬೇಡಿ, ನಮ್ಮ ದೇಶದಲ್ಲಿ ಅದು ನಿಷಿದ್ಧ. ಇನ್ನೊಂದು ಮಾತು: ವಿಮಾನ ಇಳಿದ ದಿನವೇ ನೇರವಾಗಿ ಉರುಬಂಬಾ ಕಣಿವೆಗೆ ಇಳಿದುಬಿಡುವುದು ಒಳ್ಳೆಯದು. ಅಲ್ಲಿನ ಎತ್ತರ ಸುಮಾರು 2,800 ಮೀಟರ್, ಮೈ ಬೇಗ ಒಗ್ಗುತ್ತದೆ. ನಾವು ಕುಸ್ಕೊದಲ್ಲೇ ಉಳಿದು ಅಕ್ಕನ ಒಂದು ದಿನವನ್ನು ಹಾಸಿಗೆಯಲ್ಲಿ ಕಳೆದೆವು. ರಾತ್ರಿ ಮೂರು ಕಂಬಳಿ ಹೊದ್ದರೂ ಚಳಿ ಹೋಗಲಿಲ್ಲ.

ಎರಡನೆಯ ದಿನ: ರಸ್ತೆಯ ಕೆಳಗಿನ ಹೊಳೆಗಳು

ಬೆಳಿಗ್ಗೆ ಅಕ್ಕ ಚೇತರಿಸಿಕೊಂಡಿದ್ದಳು. ನಮಗೆ ದಾರಿ ತೋರಿಸಲು ಬಂದವಳು ಕುಸ್ಕೊದಲ್ಲೇ ಓದುತ್ತಿರುವ ಹುಡುಗಿ. ಮನೆಯಲ್ಲಿ ಕೆಚುವಾ, ಪೇಟೆಯಲ್ಲಿ ಸ್ಪ್ಯಾನಿಷ್, ನಮ್ಮೊಡನೆ ಇಂಗ್ಲಿಷ್ ಮಾತನಾಡುತ್ತಿದ್ದಳು. ಅಕ್ಕ ಅವಳಿಂದ ಕಲಿತ ಮೊದಲ ಕೆಚುವಾ ಪದ 'ಉನು', ನೀರು. ಎರಡನೆಯದು 'ಸುಲ್ಪಾಯ್ಕಿ', ಉಪಕಾರ ಸ್ಮರಿಸುವ ಮಾತು. ಎಂಟು ದಿನ ಈ ಎರಡೇ ಪದಗಳಿಂದ ಅವಳು ಎಷ್ಟು ಜನರ ಸ್ನೇಹ ಗಳಿಸಿದಳೋ!

ಇಂಕಾ ಅರಸರ ಸೂರ್ಯ ದೇಗುಲ ಕೊರಿಕಾಂಚಾ. ಅದರ ಗೋಡೆಗೆ ಹೊದಿಸಿದ್ದ ಚಿನ್ನದ ತಗಡುಗಳನ್ನು 1533ರಲ್ಲಿ ಸ್ಪೇನಿನವರು ಕಿತ್ತು ಒಯ್ದರು. ಸೆರೆಯಲ್ಲಿದ್ದ ಅರಸ ಅತಾವಲ್ಪನ ಬಿಡುಗಡೆಗೆ ತೆರಬೇಕಾದ ಹೊನ್ನು ಎಂಬುದು ಅದಕ್ಕೆ ಕೊಟ್ಟ ನೆಪ. ಹೊನ್ನು ಸಂದಿತು, ಅರಸನನ್ನು ಕೊಂದರು. ಆಮೇಲೆ ದೇಗುಲದ ಮೇಲೆಯೇ ಕ್ರೈಸ್ತ ಮಠ ಕಟ್ಟಿದರು. 1950ರ ಮೇ ತಿಂಗಳ ಭೂಕಂಪದಲ್ಲಿ ಮಠದ ಗೋಡೆಗಳು ಉರುಳಿಬಿದ್ದಾಗ ಒಳಗಿನಿಂದ ಇಂಕಾ ಗೋಡೆಗಳು ಅಲುಗದೆ ಹೊರಬಂದವು. ಗಾರೆ ಹಾಕದೆ ಕಟ್ಟಿದವು, ಒಳಕ್ಕೆ ಕೊಂಚ ವಾಲಿದವು, ನೆಲ ನಡುಗಿದಾಗ ಕಲ್ಲುಗಳು ಒಂದಿಷ್ಟು ಕುಣಿದು ಮತ್ತೆ ತಮ್ಮ ಜಾಗದಲ್ಲಿ ಕೂರುತ್ತವೆ ಎಂದು ಹುಡುಗಿ ಕೈ ಆಡಿಸಿ ತೋರಿಸಿದಳು.

ಹಾತುನ್ ರುಮಿಯೋಕ್ ಎಂಬ ಓಣಿಯಲ್ಲಿ ಹನ್ನೆರಡು ಮೂಲೆಗಳ ಹೆಸರಾಂತ ಕಲ್ಲಿದೆ. 2025ರ ಫೆಬ್ರುವರಿಯಲ್ಲಿ ಒಬ್ಬ ರಾತ್ರಿ ಸುತ್ತಿಗೆ ಹಿಡಿದು ಬಂದು ಅದಕ್ಕೆ ಬಾರಿಸಿದ್ದಾನೆ. ಆ ಏಟಿನ ಮಾತು ಬಂದಾಗ ಹುಡುಗಿಯ ದನಿ ಇಳಿಯಿತು, ನಮಗೂ ಹೊಟ್ಟೆ ಉರಿಯಿತು. ಆ ಕಲ್ಲನ್ನು ಮುಟ್ಟುವಂತಿಲ್ಲ. ಆದರೆ ಮುಂದಿನ ಓಣಿಗಳಲ್ಲಿ ಅಂಥದೇ ಗೋಡೆಗಳ ಬುಡದಲ್ಲಿ ಜನ ತರಕಾರಿ ಚೀಲ ಇಟ್ಟುಕೊಂಡು ಸುಧಾರಿಸಿಕೊಳ್ಳುತ್ತಾರೆ. ಅಲ್ಲಿ ಅಕ್ಕ ಎರಡು ಕಲ್ಲುಗಳ ನಡುವೆ ಉಗುರು ಆಡಿಸಿದಳು. ಉಗುರಿಗೆ ಗೆರೆ ಸಿಕ್ಕಿತು, ಸಂದು ಸಿಗಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಕಣ್ಣಿಗೆ ಕಾಣದ ಸಂಗತಿ. ಕುಸ್ಕೊದ ಒಡಲಲ್ಲಿ ಸಫಿ, ತುಲ್ಲುಮಾಯು ಎಂಬ ಎರಡು ಹೊಳೆಗಳಿವೆ. ಇಂಕಾ ಜನ ಅವುಗಳ ಎರಡೂ ದಡಕ್ಕೆ ಕಲ್ಲು ಕಟ್ಟಿ, ಹಾದಿ ನೇರ ಮಾಡಿ, ನಡುವಿನ ನೆಲದಲ್ಲಿ ರಾಜಧಾನಿಯನ್ನು ನಿಲ್ಲಿಸಿದರು. ಈಗ ಅವುಗಳ ಮೇಲೆ ರಸ್ತೆ ಹಾಸಿದ್ದಾರೆ. ನಗರವನ್ನು ಹೀಗೆ ಹೊಸದಾಗಿ ಕಟ್ಟಿಸಿದವನು 1438ರಲ್ಲಿ ಪಟ್ಟಕ್ಕೆ ಬಂದನೆಂದು ಹೇಳಲಾಗುವ ಪಚಾಕುಟಿ. ಅದೇ ಕಾಲಕ್ಕೆ ಹಂಪಿಯಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರದೆ ಎರಡೂ ಕಡೆಯವರು ಕಲ್ಲಿನಲ್ಲಿ ನೀರಿಗೆ ಹಾದಿ ಕೊರೆಯುತ್ತಿದ್ದರು ಎಂದು ನೆನೆದಾಗ ಮೈ ಝುಮ್ಮೆಂದಿತು.

ಮಧ್ಯಾಹ್ನದ ಊಟದಲ್ಲಿ ಅಕ್ಕ ತಟ್ಟೆಯಲ್ಲಿದ್ದ ಕೆಂಪು ಹಣ್ಣನ್ನು ಟೊಮೆಟೊ ಎಂದುಕೊಂಡು ಕಚ್ಚಿಬಿಟ್ಟಳು. ಅದು ರೊಕೊಟೊ, ಕಪ್ಪು ಬೀಜದ ಮೆಣಸಿನಕಾಯಿ. ಕಣ್ಣಲ್ಲಿ ನೀರು ಇಳಿಯಿತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಮೂರೂ ಅಮೆರಿಕ ಖಂಡದಿಂದಲೇ ನಮ್ಮ ಅಡುಗೆಮನೆಗೆ ಬಂದವು. ಮಾಂಸ ತಿನ್ನದವರು 'ಸೋಪಾ ದೆ ಕಿನುವಾ', ಅಂದರೆ ಕಿನುವಾ ಎಂಬ ಕಾಳಿನ ಸಾರು, ಎಂದು ಕೇಳಿ, ಕೋಳಿಯ ಸಾರು ಹಾಕಬೇಡಿ ಎಂದೂ ಸೇರಿಸಿ ಹೇಳಿದರೆ ಎಲ್ಲೆಡೆಯೂ ಹೊಟ್ಟೆ ತುಂಬುತ್ತದೆ.

ಸಂಜೆ ಊರ ಮೇಲಿನ ಸಕ್ಸಾಯ್ವಮಾನ್ ಕೋಟೆಗೆ ಹೋದೆವು. ಗರಗಸದ ಹಲ್ಲಿನಂತೆ ಮೂರು ಸಾಲು ಗೋಡೆ. ಅತಿ ದೊಡ್ಡ ಕಲ್ಲುಗಳು ನೂರು ಟನ್ನಿಗೂ ಮೀರಿದವು. ಸ್ಪೇನಿನವರು ಎತ್ತಲು ಆಗುವ ಕಲ್ಲುಗಳನ್ನೆಲ್ಲ ಕೆಳಗೆ ಮನೆ, ಚರ್ಚು ಕಟ್ಟಲು ಸಾಗಿಸಿದರು. ಉಳಿದಿರುವುದು ಅವರ ಕೈಯಲ್ಲಿ ಎತ್ತಲಾಗದ್ದು.

ಮೂರನೆಯ ದಿನ: ತಿಪೋನ್

ಈ ಪ್ರವಾಸದಲ್ಲಿ ನನಗೆ ತೀರಾ ಹತ್ತಿರವಾದ ಜಾಗ ತಿಪೋನ್. ಕುಸ್ಕೊದಿಂದ ಇಪ್ಪತ್ತೈದು ಕಿಲೋಮೀಟರ್ ಇರಬಹುದು. ಮಾಚು ಪಿಚುವಿಗೆ ಬಂದವರಲ್ಲಿ ಹೆಚ್ಚಿನವರು ಇತ್ತ ಸುಳಿಯುವುದೇ ಇಲ್ಲ. ಹತ್ತಿರದಲ್ಲೇ ಒರೋಪೆಸಾ ಎಂಬ ರೊಟ್ಟಿಯ ಊರು ಇದೆ. ತಟ್ಟೆಯಷ್ಟು ಅಗಲದ, ತುಸು ಸಿಹಿಯಾದ ರೊಟ್ಟಿಯನ್ನು ಸೌದೆ ಒಲೆಯಿಂದ ತೆಗೆದು ರಸ್ತೆ ಬದಿಯಲ್ಲೇ ಮಾರುತ್ತಾರೆ. ಎರಡು ಕೊಂಡೆವು, ಒಂದು ಟ್ಯಾಕ್ಸಿಯಲ್ಲೇ ಮುಗಿಯಿತು.

ಬೆಟ್ಟದ ಮಡಿಲಲ್ಲಿ ಹನ್ನೆರಡಕ್ಕೂ ಹೆಚ್ಚು ಅಗಲವಾದ ಮೆಟ್ಟಿಲು ಗದ್ದೆಗಳು, ಒಂದೊಂದಕ್ಕೂ ಆಳೆತ್ತರವನ್ನು ಮೀರುವ ಕಲ್ಲಿನ ಬದು. ಗದ್ದೆಯಿಂದ ಗದ್ದೆಗೆ ಹತ್ತಲು ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. "ನಮ್ಮೂರ ಬಾವಿಯಲ್ಲಿ ಹೀಗೆಯೇ ಇತ್ತಲ್ಲವೇನೋ" ಎಂದು ಅಕ್ಕ ಕೂಗಿದಳು. ನಿಜ, ಸೇದುವ ಬಾವಿಯ ಒಳಗೋಡೆಯಲ್ಲಿ ಇಳಿಯಲು ಬಿಟ್ಟಿರುವ ಕಲ್ಲುಗಳ ಹಾಗೆಯೇ.

ಮೇಲೆ ಹೋದರೆ ಬಂಡೆಯ ಬುಡದಿಂದ ಚಿಲುಮೆಯ ನೀರು. ಅದು ಒಂದು ಕಾಲುವೆಯಾಗಿ ಬರುತ್ತದೆ, ಎರಡಾಗಿ ಒಡೆಯುತ್ತದೆ, ಕೊನೆಗೆ ನಾಲ್ಕು ಧಾರೆಯಾಗಿ ತೊಟ್ಟಿಗೆ ಬೀಳುತ್ತದೆ. ನಾಲ್ಕೂ ಧಾರೆಗಳು ಒಂದೇ ದಪ್ಪ. ನಾನು ಮಂಡಿಯೂರಿ ಕುಳಿತು ನೋಡಿದೆ. ಕಲ್ಲಿನ ತುಟಿಯಿಂದ ನೀರು ಜಾರುವ ಕಡೆ ತುಸು ಗುಳಿ ಮಾಡಿದ್ದಾರೆ, ನೀರು ಗೋಡೆಗೆ ಅಂಟಿ ಹರಿಯದೆ ದೂರ ಹಾರಿ ಬೀಳುತ್ತದೆ. ಇಷ್ಟು ಮಾಡಲು ಎಷ್ಟು ದಿನ ಕುಟ್ಟುತ್ತ ಕುಳಿತಿದ್ದರೋ! ಕಬ್ಬಿಣ ಅವರ ಬಳಿ ಇರಲಿಲ್ಲ. ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ ತಿದ್ದಿದವರು ಅವರು.

ಕಾಲುವೆಯಲ್ಲಿ ಬಿದ್ದ ಹುಲ್ಲು ಕಡ್ಡಿ ತೆಗೆಯುತ್ತಿದ್ದ ಒಬ್ಬ ಹಿರಿಯರು ನಮ್ಮನ್ನು ನೋಡಿ ನಕ್ಕರು. ಬದುಕಿಗೆ ಏನು ಮಾಡುತ್ತೀರಿ ಎಂದು ಹುಡುಗಿಯ ಮೂಲಕ ಕೇಳಿದೆ. ಇಲ್ಲಿ ಕಾವಲು ಕೆಲಸ, ಕೆಳಗೆ ತುಂಡು ಹೊಲ, ಆ ಹೊಲಕ್ಕೂ ಇದೇ ನೀರು ಎಂದರು. ಸರದಿ ಯಾರು ನೋಡಿಕೊಳ್ಳುತ್ತಾರೆ? ವರ್ಷಕ್ಕೊಬ್ಬರನ್ನು ಊರು ಆರಿಸುತ್ತದೆ. ಹೂಳು? ಎಲ್ಲರೂ ಸೇರಿ ತೆಗೆಯುತ್ತೇವೆ, ಬಾರದವರಿಗೆ ದಂಡ ಹಾಕುತ್ತೇವೆ. ಒಬ್ಬರ ಹೊಲದಲ್ಲಿ ದುಡಿದ ದಿನವನ್ನು ಅವರು ನಮ್ಮ ಹೊಲದಲ್ಲಿ ದುಡಿದು ತೀರಿಸುವುದಕ್ಕೆ ಅವರು 'ಐನಿ' ಎನ್ನುತ್ತಾರೆ. ಅಕ್ಕ ನನ್ನ ಕಡೆ ತಿರುಗಿ, "ಮುಯ್ಯಾಳು" ಎಂದಳು. ಆ ಪದವನ್ನು ನಾನು ಕೇಳಿ ಮೂವತ್ತು ವರ್ಷವಾಗಿತ್ತೇನೋ. ನಮ್ಮ ತಾತನ ಕೆಲಸವೂ ಇದೇ ಆಗಿತ್ತೆಂದು ಅಕ್ಕ ಹೇಳಿಸಿದಾಗ ಹಿರಿಯರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಉಳಿದ ಒಂದು ರೊಟ್ಟಿಯನ್ನು ಮೂರು ಪಾಲು ಮಾಡಿ ಅಲ್ಲೇ ತಿಂದೆವು.

ಇಳಿಯುವಾಗ ನನ್ನ ಕಾಲು ಜಾರಿ ಕಾಲುವೆಯೊಳಗೆ ಹೋಯಿತು. ಆ ನೀರು ಎಷ್ಟು ತಣ್ಣಗಿತ್ತೆಂದರೆ ಸಂಜೆಯವರೆಗೂ ಬೆರಳು ಜೋಮು ಹಿಡಿದಿತ್ತು. ಬೆಟ್ಟದ ಬಿಸಿಲಿನಲ್ಲಿ ಇನ್ನೊಂದು ಕಾಲು ಬೆವರುತ್ತಿತ್ತು. ಅಲ್ಲಿಗೆ ಹೋಗುವವರು ಟೋಪಿ, ಸ್ವೆಟರ್ ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಬೇಕು.

ನಾಲ್ಕನೆಯ ದಿನ: ಉಪ್ಪಿನ ಮಡಿಗಳು

ಚಿಂಚೇರೊ ಬಯಲಿನ ರಸ್ತೆ ಕಣ್ಣಿಗೆ ಹಬ್ಬ. ಕೆಂಪು ಮಣ್ಣು, ಬಿತ್ತನೆಗೆ ಹದ ಮಾಡುತ್ತಿರುವ ಎತ್ತುಗಳು, ದೂರದಲ್ಲಿ ವೆರೋನಿಕಾ ಶಿಖರದ ಹಿಮ. ಮೊರಾಯ್ ಎಂಬಲ್ಲಿ ನೆಲದೊಳಕ್ಕೆ ಬಟ್ಟಲಿನಂತೆ ಇಳಿಯುವ ದುಂಡನೆಯ ಮೆಟ್ಟಿಲು ಗದ್ದೆಗಳಿವೆ. ಮಳೆಗಾಲದಲ್ಲೂ ತಳದಲ್ಲಿ ನೀರು ನಿಲ್ಲುವುದಿಲ್ಲವಂತೆ. ಆದರೂ 2010ರ ಭಾರಿ ಮಳೆಯಲ್ಲಿ ಒಂದು ಬದಿ ಕುಸಿದು, ಮತ್ತೆ ಕಟ್ಟಬೇಕಾಯಿತು. ಕುಸ್ಕೊದಲ್ಲಿ ಕೊಳ್ಳುವ ಪ್ರವಾಸಿ ಚೀಟಿಯೊಂದರಲ್ಲೇ ಮೊರಾಯ್, ತಿಪೋನ್, ಸಕ್ಸಾಯ್ವಮಾನ್, ಒಲ್ಲಂತಾಯ್ತಂಬೊ ಎಲ್ಲವೂ ಅಡಕ. ಹತ್ತು ದಿನ ನಡೆಯುತ್ತದೆ, ಕಳೆದುಕೊಳ್ಳದಂತೆ ಇಟ್ಟುಕೊಳ್ಳಬೇಕು.

ಮರಾಸ್ ತಲುಪುವ ಮುನ್ನ ಕಾರಿನ ಟೈರು ಪಂಕ್ಚರ್ ಆಯಿತು. ಚಾಲಕ ಚಕ್ರ ಬಿಚ್ಚುವಾಗ ಎದುರಿನ ಹೊಲದ ದಂಪತಿ ನಮ್ಮನ್ನು ಕರೆದರು. ಬಿಂದಿಗೆಯಿಂದ ದೊಡ್ಡ ಲೋಟಕ್ಕೆ ಚಿಚಾ, ಅಂದರೆ ಮೆಕ್ಕೆಜೋಳದ ಹುಳಿ ಪಾನಕ, ಬಗ್ಗಿಸಿದರು. ಆ ಹೆಂಗಸು ಮೊದಲು ನಾಲ್ಕು ಹನಿ ನೆಲಕ್ಕೆ ಚೆಲ್ಲಿ 'ಪಚಮಾಮಾ' ಎಂದಳು. ಭೂತಾಯಿಯ ಪಾಲು ಅದು. ಅಕ್ಕ ಕೆಲವು ವರ್ಷ ವಿಜಯಪುರದ ಕಡೆ ಪಾಠ ಹೇಳಿದವಳು. ಎಳ್ಳಮಾವಾಸ್ಯೆಯಲ್ಲಿ ಹೊಲದ ತುಂಬ ಚರಗ ಚೆಲ್ಲುವುದನ್ನು ಕಂಡವಳು. ಲೋಟ ಕೈಗೆ ಬಂದಾಗ ಯಾರೂ ಹೇಳದೆಯೇ ಅವಳೂ ನೆಲಕ್ಕೆ ಚೆಲ್ಲಿ ಕಣ್ಣಿಗೆ ಒತ್ತಿಕೊಂಡಳು. ಒಂದು ಗುಟುಕು ಕುಡಿದು, "ಹುಳಿ ಬಂದ ಅಂಬಲಿ" ಎಂದಳು. ಅಷ್ಟೇ ಸರಿಯಾದ ವಿವರಣೆ ನನಗೆ ಹೊಳೆಯುತ್ತಿರಲಿಲ್ಲ.

ಮರಾಸಿನ ಉಪ್ಪಿನ ಮಡಿಗಳು ಇಂಕಾ ಜನರಿಗೂ ಹಿಂದಿನವು. ಬೆಟ್ಟದ ಒಡಲಿನಿಂದ ಉಪ್ಪು ನೀರಿನ ಒರತೆ ಬರುತ್ತದೆ. ಕಡಲು ಎಷ್ಟೋ ದೂರ! ಆ ಒರತೆಯನ್ನು ಕಿರುಗಾಲುವೆಗಳಲ್ಲಿ ಹಾಯಿಸಿ ಸಾವಿರಾರು ಪುಟ್ಟ ಮಡಿಗಳಿಗೆ ತುಂಬುತ್ತಾರೆ. ಮಡಿಗಳು ಊರಿನ ಕುಟುಂಬಗಳವು. ಬಿಸಿಲಿಗೆ ನೀರು ಇಂಗಿ ಉಪ್ಪು ಹೆಪ್ಪುಗಟ್ಟಿದಾಗ ಕೆರೆದು ತೆಗೆಯುತ್ತಾರೆ. ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರವನ್ನು ಬೆಟ್ಟದ ಇಳಿಜಾರಿನಲ್ಲಿ ನಿಲ್ಲಿಸಿದಂತೆ ಕಂಡಿತು. 2019ರಿಂದ ಪ್ರವಾಸಿಗರು ಮಡಿಗಳ ನಡುವೆ ಓಡಾಡುವಂತಿಲ್ಲ, ಮೇಲಿನ ಹಾದಿಯಿಂದಲೇ ನೋಡಬೇಕು. ಅದು ಸರಿಯಾದ ನಿರ್ಧಾರ. ಸಾವಿರಾರು ಜನರ ಚಪ್ಪಲಿಯ ಧೂಳು ತಿನ್ನುವ ಉಪ್ಪಿಗೆ ಬೀಳಬಾರದು.

ಐದನೆಯ ದಿನ: ಒಲ್ಲಂತಾಯ್ತಂಬೊ

ಈ ಊರಿನ ಓಣಿಗಳಲ್ಲಿ ರಾತ್ರಿಯೆಲ್ಲ ನೀರಿನ ಸದ್ದು. ಇಂಕಾ ಜನ ಹಾಕಿದ ಬೀದಿಗಳ ಪಕ್ಕದಲ್ಲೇ ಕಲ್ಲಿನ ಕಾಲುವೆ ಹರಿಯುತ್ತದೆ, ಅದೇ ಬೀದಿಗಳಲ್ಲಿ ಇಂದಿಗೂ ಸಂಸಾರಗಳು ನಡೆಯುತ್ತಿವೆ. ಬೆಳಿಗ್ಗೆ ಒಬ್ಬ ಹುಡುಗ ಶಾಲೆಗೆ ಹೋಗುತ್ತ ಆ ಕಾಲುವೆಯಲ್ಲಿ ಎಲೆಯೊಂದನ್ನು ಬಿಟ್ಟು, ಅದರ ಜೊತೆಗೇ ಓಡಿದ.

ಊರ ಪಕ್ಕದ ಕಡಿದಾದ ಮೆಟ್ಟಿಲು ಗದ್ದೆಗಳ ಮೇಲೆ ಮುಗಿಯದ ದೇಗುಲ. ಆರು ಬೃಹತ್ ಗುಲಾಬಿ ಕಲ್ಲುಗಳು ಸಾಲಾಗಿ ನಿಂತಿವೆ. ಅವು ಬಂದದ್ದು ನದಿಯ ಆಚೆ ದಡದ ಬೆಟ್ಟದ ಗಣಿಯಿಂದ. ದಾರಿಯಲ್ಲೇ ಉಳಿದುಹೋದ ಕಲ್ಲುಗಳನ್ನು ಜನ 'ದಣಿದ ಕಲ್ಲುಗಳು' ಎಂದು ಕರೆಯುತ್ತಾರೆ. ಎಂಥ ಕರುಣೆಯ ಹೆಸರು!

1537ರಲ್ಲಿ ಇಂಕಾ ಅರಸ ಮಾಂಕೊ ಇಂಕಾ ಇಲ್ಲಿ ಸ್ಪೇನಿನ ಎರ್ನಾಂಡೊ ಪಿಸಾರೊನ ಸೇನೆಯನ್ನು ತಡೆದ. ಮೇಲಿನಿಂದ ಬಾಣ, ಕಲ್ಲುಗಳ ಮಳೆ. ಅದರ ಜೊತೆಗೆ ಕಾಲುವೆಗಳನ್ನು ಒಡೆದು ಕೆಳಗಿನ ಬಯಲಿಗೆ ನೀರು ನುಗ್ಗಿಸಿದ. ಸ್ಪೇನಿನವರ ಕುದುರೆಗಳು ಕೆಸರಿನಲ್ಲಿ ಹೂತು ಹೆಜ್ಜೆ ಕೀಳಲಾರದೆ ಹೋದವು, ರಾತ್ರೋರಾತ್ರಿ ಸೇನೆ ಹಿಮ್ಮೆಟ್ಟಿತು. ಕುದುರೆ, ಉಕ್ಕಿನ ಕತ್ತಿಗಳ ಎದುರು ಅವರಿಗೆ ಒದಗಿಬಂದದ್ದು ದಿನವೂ ಹೊಲಕ್ಕೆ ಹಾಯಿಸುತ್ತಿದ್ದ ನೀರು. ಕೋಟೆಯ ಮೇಲೆ ನಿಂತು ಆ ಬಯಲನ್ನು ನೋಡಿದಾಗ ಅಲ್ಲಿ ಈಗ ಮೆಕ್ಕೆಜೋಳಕ್ಕೆ ಸಾಲು ಹೊಡೆಯುತ್ತಿದ್ದರು.

ಸಂಜೆ ರೈಲು ಹಿಡಿದೆವು. ರೈಲಿನಲ್ಲಿ ಸಣ್ಣ ಚೀಲಕ್ಕಷ್ಟೇ ಜಾಗ. ದೊಡ್ಡ ಪೆಟ್ಟಿಗೆಗಳನ್ನು ವಸತಿಗೃಹದಲ್ಲೇ ಬಿಟ್ಟೆವು, ಹೇಗೂ ಇಲ್ಲಿಗೇ ಮರಳಿ ಬರುವುದಿತ್ತು.

ಆರನೆಯ ದಿನ: ತಪ್ಪಿದ ದಾರಿ

ಬೆಳಗಿನ ಜಾವ ಮಾಚು ಪಿಚು ಬೆಟ್ಟದ ಬುಡದ ಅಗುವಾಸ್ ಕಾಲಿಯೆಂತೆಸ್ ಊರಿನಲ್ಲಿ ಬಸ್ಸಿನ ಸಾಲು ಆಗಲೇ ಬೀದಿ ದಾಟಿತ್ತು. ಮಂಜಿನೊಳಗೆ ತಿರುವು ತಿರುವಾಗಿ ಹತ್ತಿ ಮಾಚು ಪಿಚುವಿನ ಬಾಗಿಲಲ್ಲಿ ಇಳಿದೆವು. ಶೌಚಾಲಯ ಇರುವುದು ಬಾಗಿಲ ಹೊರಗೆ ಮಾತ್ರ, ಒಳಗಿಲ್ಲ. ಮೊದಲ ಒಂದು ಗಂಟೆ ಬಿಳಿ ಮಂಜನ್ನು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಪರದೆ ಸರಿದಂತೆ ಒಂದು ಗೋಡೆ, ಒಂದು ಮೆಟ್ಟಿಲು, ಕೊನೆಗೆ ಇಡೀ ಊರು. ಪಕ್ಕದಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

ಆದರೆ ನಾನು ಹುಡುಕಿ ಬಂದ ಕಾರಂಜಿಗಳು ಎಲ್ಲಿ? ಈಗ ಒಳಗೆ ಬೇರೆ ಬೇರೆ ನಡಿಗೆಯ ದಾರಿಗಳಿವೆ, ಕೊಂಡ ಟಿಕೆಟಿನ ದಾರಿಯಲ್ಲಷ್ಟೇ ನಡೆಯಬೇಕು, ಹಿಂದಕ್ಕೆ ಬರುವಂತಿಲ್ಲ. ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಕೊಂಡಿದ್ದ ನಾನು ಮೇಲಿನಿಂದ ನೋಟ ಚೆನ್ನಾಗಿರುವ ದಾರಿಯನ್ನು ಆರಿಸಿದ್ದೆ. ಕಾರಂಜಿಗಳ ಸಾಲು ಇದ್ದದ್ದು ಕೆಳಗಿನ ದಾರಿಯಲ್ಲಿ. ದೂರದಿಂದ ನೀರಿನ ಸದ್ದು ಕೇಳುತ್ತಿತ್ತು, ಹೋಗಲಾಗಲಿಲ್ಲ. ಅಷ್ಟು ದೂರ ಬಂದು ಹೀಗಾಯಿತಲ್ಲ ಎಂದು ಗಂಟಲು ಕಟ್ಟಿತು. ಅಕ್ಕ ನನ್ನ ತೋಳು ಹಿಡಿದು, "ನಾಳೆಯೂ ಇದೆಯಲ್ಲ ತಮ್ಮಾ" ಎಂದಳು.

ಮಾರನೆಯ ದಿನಕ್ಕಾಗಿ ಒಂದಿಷ್ಟು ಟಿಕೆಟ್‌ಗಳನ್ನು ಕೆಳಗಿನ ಊರಿನ ಕೌಂಟರಿನಲ್ಲೇ ಕೊಡುತ್ತಾರೆ. ಪಾಸ್‌ಪೋರ್ಟ್ ಹಿಡಿದು ಜಿನುಗು ಮಳೆಯಲ್ಲಿ ನಿಂತೆವು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಬೇಯಿಸಿದ ಜೋಳದ ತೆನೆ ಮುರಿದು ಅಕ್ಕನಿಗೆ ಅರ್ಧ ಕೊಟ್ಟಳು. ಕಾಳು ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಕತ್ತಲಾಗುವ ಮೊದಲು ಟಿಕೆಟ್ ಸಿಕ್ಕಿತು.

ಏಳನೆಯ ದಿನ: ಹದಿನಾರು ಕಾರಂಜಿಗಳು

ಬೆಟ್ಟದ ಮೈಯಲ್ಲಿ ಒಂದು ಚಿಲುಮೆ. ಅಲ್ಲಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆ ಊರೊಳಕ್ಕೆ ಬರುತ್ತದೆ. ಇದನ್ನು ಅಳೆದು ದಾಖಲಿಸಿದವರು ಕೆನೆತ್ ರೈಟ್ ಎಂಬ ಅಮೆರಿಕದ ಜಲ ಎಂಜಿನಿಯರ್. ಕಾಲುವೆಯ ಅಗಲ ಒಂದು ಗೇಣಿಗೂ ಕಡಿಮೆ. ಊರಿನಲ್ಲಿ ಆ ನೀರು ಮೆಟ್ಟಿಲುಗಳ ಪಕ್ಕದಲ್ಲಿ ಒಂದರ ಕೆಳಗೊಂದು ಹದಿನಾರು ಕಾರಂಜಿಗಳಲ್ಲಿ ಇಳಿಯುತ್ತದೆ. ಮೊದಲನೆಯದು ಅರಸನ ಮನೆಯ ಬಾಗಿಲಿಗೇ; ಬೇರೆ ಯಾರೂ ಮುಟ್ಟದ ನೀರು ಅವನದು. ಅಲ್ಲಿಂದ ಊರವರಿಗೆ. ಕೊಡ ಇಟ್ಟು ತುಂಬಲು ಬರುವಂತೆ ಧಾರೆ ಕಟ್ಟಿದ್ದಾರೆ.

ಇಲ್ಲಿ ನಾನು ಕಲಿತ ಒಂದು ಸಂಗತಿ ನನ್ನ ಎಣಿಕೆಯನ್ನೇ ತಿರುಗಿಸಿತು. ಮಾಚು ಪಿಚುವಿನ ಮೆಟ್ಟಿಲು ಗದ್ದೆಗಳಿಗೆ ಕಾಲುವೆಯ ನೀರು ಹಾಯಿಸುತ್ತಲೇ ಇರಲಿಲ್ಲವಂತೆ, ಮಳೆಯೇ ಸಾಕಾಗುತ್ತಿತ್ತು. ಇಲ್ಲಿನ ಕಷ್ಟ ನೀರು ತರುವುದರಲ್ಲಿ ಇರಲಿಲ್ಲ, ಹೆಚ್ಚಾದ ನೀರನ್ನು ಕಳಿಸಿಕೊಡುವುದರಲ್ಲಿತ್ತು. ಕಡಿದಾದ ಬೆಟ್ಟದ ಬೆನ್ನು, ಧಾರಾಕಾರ ಮಳೆ. ನೀರು ನಿಂತರೆ ಊರೇ ಜಾರಿ ನದಿಗೆ ಬೀಳುತ್ತದೆ. ಆದ್ದರಿಂದ ಗದ್ದೆಯ ಮಣ್ಣಿನ ಕೆಳಗೆ ಮರಳು, ಅದರ ಕೆಳಗೆ ಜಲ್ಲಿ, ನಡುವಿನ ಹಸಿರು ಬಯಲಿನ ಅಡಿಯಲ್ಲೂ ಕಲ್ಲು ಕಡಿದಾಗ ಉಳಿದ ಚೂರುಗಳ ದಪ್ಪ ಹಾಸು. ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ತೂತುಗಳು. ಅರ್ಧಕ್ಕಿಂತ ಹೆಚ್ಚು ಕೆಲಸ ನೆಲದ ಕೆಳಗಿದೆ, ಯಾವ ಫೋಟೊದಲ್ಲೂ ಬರುವುದಿಲ್ಲ. ತಾತ ಹೇಳುತ್ತಿದ್ದರಂತೆ, ತೂಬಿಗಿಂತ ಕೋಡಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಕೋಡಿ ಕೆಟ್ಟರೆ ಏರಿಯೇ ಒಡೆದುಹೋಗುತ್ತದೆ ಎಂದು. ಅಕ್ಕ ಇದನ್ನು ಹೇಳಿದ್ದು ಸೂರ್ಯ ದೇಗುಲದ ಬಾಗಿದ ಗೋಡೆಯ ಪಕ್ಕದಲ್ಲಿ, ಕಾರಂಜಿಯ ಸದ್ದಿನ ನಡುವೆ.

ಅಮೆರಿಕದ ಹೈರಮ್ ಬಿಂಗಮ್ 1911ರ ಜುಲೈ 24ರಂದು ಇಲ್ಲಿಗೆ ಹತ್ತಿಬಂದಾಗ ಬೆಟ್ಟದಲ್ಲಿ ರೈತ ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು. ಅವರು ಅವನಿಗೆ ಸೋರೆ ಬುರುಡೆಯಲ್ಲಿ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟು ಉಪಚರಿಸಿದರು, ಅವರ ಕಡೆಯ ಹುಡುಗನೊಬ್ಬ ದಾರಿ ತೋರಿಸಿದ. ಜಗತ್ತು ಬಿಂಗಮ್‌ನನ್ನು ಮಾಚು ಪಿಚುವನ್ನು ಕಂಡುಹಿಡಿದವನೆಂದು ಹೊಗಳಿತು. ನೀರು ಕೊಟ್ಟವರನ್ನು ಅದೇ ಸಾಲಿನಲ್ಲಿ ನೆನೆಯಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ಕಾರಂಜಿಯ ನೀರು ಮುಟ್ಟುವಂತಿಲ್ಲ. ಸಿಡಿದ ಹನಿಗಳು ಅಕ್ಕನ ಕನ್ನಡಕದ ಮೇಲೆ ಕುಳಿತವು. ಬಾಗಿಲು ದಾಟುವವರೆಗೂ ಅವಳು ಒರೆಸಲಿಲ್ಲ.

ಎಂಟನೆಯ ದಿನ: ಮತ್ತೆ ಒಲ್ಲಂತಾಯ್ತಂಬೊ

ಕುಸ್ಕೊದ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಊರ ಹೊರಗಿನ ಹೊಲದ ಬದುವಿನಲ್ಲಿ ನಡೆದು ಹೋದೆವು. ಬಿತ್ತನೆಗೆ ಮೊದಲು ನೆಲ ನೆನೆಸುವ ದಿನ ಅದು. ಬಣ್ಣದ ಟೋಪಿಯ ಹೆಂಗಸೊಬ್ಬಳು ಸಲಿಕೆ ಹಿಡಿದು ಕಾಲುವೆಯ ಬಾಯಲ್ಲಿ ನಿಂತಿದ್ದಳು. ನೀರಿಗೆ ಅಡ್ಡ ಇಟ್ಟದ್ದು ಹುಲ್ಲಿನ ಬೇರಿನ ಸಮೇತ ಕಿತ್ತ ಮಣ್ಣಿನ ಹೆಂಟೆ. ಅಕ್ಕ "ಉನು" ಎಂದಳು. ಅವಳು ಗಟ್ಟಿಯಾಗಿ ನಕ್ಕು, ಕೈಗಡಿಯಾರ ತೋರಿಸಿ, ಸರದಿ ಈಗ ನನ್ನದು ಎಂಬಂತೆ ಎದೆ ಮುಟ್ಟಿಕೊಂಡಳು. ಆಮೇಲೆ ಅಕ್ಕನ ಮುಖದಲ್ಲಿ ಏನು ಕಂಡಳೋ, ಸಲಿಕೆಯನ್ನು ಅವಳ ಕೈಗೆ ಕೊಟ್ಟಳು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಟೆಯನ್ನು ಅಡಿಯಿಂದ ಎತ್ತಿ ಪಕ್ಕಕ್ಕೆ ಇಟ್ಟಳು. ನೀರು ಒಂದು ಕ್ಷಣ ತಡೆದು ನಿಂತು, ಮೊದಲ ಸಾಲಿಗೆ ಹೊರಳಿ, ಒಣ ಮಣ್ಣಿನ ನೊರೆ ಎಬ್ಬಿಸುತ್ತ ಮುಂದೆ ಓಡಿತು. ಹೊಲದ ಆ ತುದಿಯಲ್ಲಿ ಒಬ್ಬ ಗಂಡಸು ಕೈ ಎತ್ತಿ, ನೀರು ಮುಟ್ಟಿತು ಎಂದು ಕೂಗಿದ.